ಬಿಸಿಲು ತಾಳುವ ತಪ್ಪಲು ಪಲ್ಯ: ಹಿತ್ತಿಲಿನಲ್ಲಿ ಬೀಜದಿಂದ ಬೆಳೆಸುವ ಬಗೆ

ಲಕ್ಷ್ಮೇಶ್ವರ ತಾಲ್ಲೂಕಿನ ಅಡರಕಟ್ಟಿ ಮತ್ತು ಅದರ ಸುತ್ತಲಿನ ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಜೋಳದ ರೊಟ್ಟಿಯ ಜೊತೆಗೆ ತಪ್ಪಲು ಪಲ್ಯ ಇದ್ದರೇ ಊಟ. ಚಳಿಗಾಲದಲ್ಲಿ ಮೆಂತ್ಯ, ಸಬ್ಬಸಿಗೆ, ಪಾಲಕ, ಕೊತ್ತಂಬರಿಗೆ ಕೊರತೆಯಿಲ್ಲ. ಯುಗಾದಿ ಕಳೆದ ಮೇಲೆ ಸಂತೆಗೆ ಬರುವ ಸೊಪ್ಪು ಕಡಿಮೆಯಾಗುತ್ತದೆ. ಬಂದದ್ದು ಮಧ್ಯಾಹ್ನದೊಳಗೆ ಬಾಡುತ್ತದೆ, ಬೆಲೆಯೂ ಏರುತ್ತದೆ. ಗರ್ಭಿಣಿಯರು, ಬಾಣಂತಿಯರು ಮತ್ತು ಬೆಳೆಯುವ ಮಕ್ಕಳ ಊಟದಿಂದ ಕಬ್ಬಿಣ, ಸುಣ್ಣ ಹಾಗೂ 'ಎ' ಜೀವಸತ್ವ ಒದಗಿಸುವ ಪದಾರ್ಥ ಎರಡು-ಮೂರು ತಿಂಗಳು ಮಾಯವಾಗುತ್ತದೆ. ತಕ್ಕ ಬೀಜವನ್ನು ಆರಿಸಿ, ಮೊದಲ ಹತ್ತು ದಿನ ಎಚ್ಚರ ವಹಿಸಿದರೆ ಈ ಕೊರತೆಯನ್ನು ಮನೆಯ ಹಿತ್ತಿಲಿನಲ್ಲಿಯೇ ನೀಗಿಸಬಹುದು.

ಯಾವ ಸೊಪ್ಪನ್ನು ಆರಿಸಬೇಕು?

ಮೆಂತ್ಯ ಮತ್ತು ಕೊತ್ತಂಬರಿ ತಂಪು ಹವೆಯ ಬೆಳೆಗಳು. ಬಿಸಿಲೇರಿದಂತೆ ಇವು ಎಲೆ ಬಿಡುವುದನ್ನು ಬಿಟ್ಟು ಬೇಗನೆ ಹೂವಿಗೆ ಬರುತ್ತವೆ. ಎಷ್ಟು ನೀರು ಹಾಕಿದರೂ ಈ ಗುಣ ಬದಲಾಗದು. ಆದ್ದರಿಂದ ಬೇಸಿಗೆಗೆ ಕೆಳಗಿನ ಸೊಪ್ಪುಗಳನ್ನು ಆರಿಸಿಕೊಳ್ಳಬೇಕು.

ರಾಜಗಿರಿ: ಜೋಳ, ಗೋವಿನಜೋಳ, ಕಬ್ಬುಗಳ ಹಾಗೆ ಇದೂ ಬಿಸಿಲನ್ನು ಚೆನ್ನಾಗಿ ಬಳಸಿಕೊಳ್ಳುವ ಗಿಡ. ಎಲೆಯ ರಂಧ್ರಗಳನ್ನು ಹೆಚ್ಚು ತೆರೆಯದೆಯೇ ಗಾಳಿಯಲ್ಲಿನ ಇಂಗಾಲವನ್ನು ಹಿಡಿದು ಆಹಾರ ತಯಾರಿಸುತ್ತದೆ. ಹೀಗಾಗಿ ಕಡಿಮೆ ನೀರಿನಲ್ಲಿ ಹೆಚ್ಚು ಎಲೆ ಕೊಡುತ್ತದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಸುಗುಣ' ತಳಿಯನ್ನು ಹಲವು ಸಲ ಕತ್ತರಿಸಬಹುದು. ಕೆಂಪು ಎಲೆ ಬೇಕಾದವರಿಗೆ 'ಅರ್ಕಾ ಅರುಣಿಮಾ' ಇದೆ.

ಪುಂಡಿ: ಹಗಲು ಮೋಟಾದಾಗ ಮಾತ್ರ ಹೂ ಬಿಡುವ ಬೆಳೆ. ಬೇಸಿಗೆಯಲ್ಲಿ ಹಗಲು ದೀರ್ಘವಾದ್ದರಿಂದ ಆಗ ಬಿತ್ತಿದ ಪುಂಡಿ ತಿಂಗಳುಗಟ್ಟಲೆ ಎಲೆಯನ್ನೇ ಕೊಡುತ್ತದೆ. ಚಿಗುರನ್ನು ಚಿವುಟಿದಷ್ಟೂ ಕವಲೊಡೆಯುತ್ತದೆ.

ಬಸಳೆ: ಬಳ್ಳಿಗೆ ಆಸರೆಯೂ ತೇವವೂ ಬೇಕು. ಬಚ್ಚಲ ನೀರು ಹರಿಯುವ ಕಡೆ ಬೇಲಿಗೆ ಹಬ್ಬಿಸಲು ಸೂಕ್ತ.

ಮಡಿಯ ಸಿದ್ಧತೆ

ಮಳೆಗಾಲದಲ್ಲಿ ಏರು ಮಡಿ, ಬೇಸಿಗೆಯಲ್ಲಿ ತಗ್ಗು ಮಡಿ ಎಂಬುದನ್ನು ನೆನಪಿಡಬೇಕು. 3 ಮೀಟರು ಉದ್ದ, 1 ಮೀಟರು ಅಗಲದ ಮಡಿಯನ್ನು ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಾಗಿ ಮಾಡಿದರೆ ಹಾಕಿದ ನೀರು ಅಲ್ಲಿಯೇ ಇಂಗುತ್ತದೆ. ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ, ಮಸಾರಿ ಮಣ್ಣು ಬೇಗ ಆರುತ್ತದೆ. ಎರಡಕ್ಕೂ ಮದ್ದು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಮಡಿಗೆ ಎರಡು-ಮೂರು ಬುಟ್ಟಿ ಗೊಬ್ಬರ ಬೆರೆಸಬೇಕು. ಮನೆಯ ಗೋಡೆಯ ಪೂರ್ವದ ಮಗ್ಗುಲು ಉತ್ತಮ ಸ್ಥಳ. ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ನಂತರ ಗೋಡೆಯ ನೆರಳು ಬೀಳುತ್ತದೆ.

ಬಿತ್ತನೆ ಮತ್ತು ಮೊದಲ ಹತ್ತು ದಿನ

ಬೇಸಿಗೆಯ ಸೊಪ್ಪು ಕೆಡುವುದು ಹೆಚ್ಚಾಗಿ ಮೊಳಕೆಯ ಹಂತದಲ್ಲಿಯೇ. ರಾಜಗಿರಿ ಬೀಜ ಬಹಳ ಸಣ್ಣದು, ಒಂದು ಗ್ರಾಂ ತೂಕಕ್ಕೆ ಸಾವಿರಕ್ಕೂ ಮಿಕ್ಕಿ ಬೀಜಗಳಿರುತ್ತವೆ. ಆಳಕ್ಕೆ ಬಿದ್ದರೆ ಮೇಲೇಳದು, ಮೇಲೆಯೇ ಉಳಿದರೆ ಒಣಗುತ್ತದೆ ಅಥವಾ ಇರುವೆಯ ಪಾಲಾಗುತ್ತದೆ.

ಸಂಜೆ ಮಡಿಯನ್ನು ಮೊದಲು ತೋಯಿಸಿ, ಒಂದು ಚಹಾ ಚಮಚ ಬೀಜಕ್ಕೆ ಹತ್ತು ಚಮಚ ಸಣ್ಣ ಮರಳು ಬೆರೆಸಿ ಸಮನಾಗಿ ಬಿತ್ತಬೇಕು. ಜರಡಿ ಹಿಡಿದ ಗೊಬ್ಬರವನ್ನು ಬೀಜ ಮರೆಯಾಗುವಷ್ಟು ಮಾತ್ರ ಉದುರಿಸಿ, ಮೇಲೆ ಜೋಳದ ಕಣಿಕೆ ಹಾಸಬೇಕು. ಕಣಿಕೆಯ ಮೇಲಿನಿಂದ ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಮೂರು-ನಾಲ್ಕು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಕಂಡ ದಿನವೇ ಸಂಜೆ ಕಣಿಕೆಯನ್ನು ತೆಗೆಯಬೇಕು, ತಡಮಾಡಿದರೆ ಸಸಿ ಬೆಳ್ಳಗೆ ಸೊರಗುತ್ತದೆ. ಸಸಿ ದಟ್ಟವಾಗಿದ್ದು ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ. ಆದ್ದರಿಂದ ಹತ್ತನೆಯ ದಿನ ದಟ್ಟ ಸಸಿಗಳನ್ನು ಕಿತ್ತು ತೆಳು ಮಾಡಬೇಕು. ಕಿತ್ತದ್ದು ಸಾರಿಗಾಗುತ್ತದೆ. ಕೋಳಿ ಕೆದರದಂತೆ ಸುತ್ತಲೂ ಜಾಲಿ ಮುಳ್ಳು ಇಡಬೇಕು.

ಪುಂಡಿ ಬೀಜವನ್ನು ಒಂದು ರಾತ್ರಿ, ಬಸಳೆ ಬೀಜವನ್ನು ಒಂದು ಹಗಲು ಒಂದು ರಾತ್ರಿ ನೆನೆಯಿಟ್ಟು ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಬೇಕು. ಬಸಳೆ ಮೊಳೆಯಲು ಎರಡು ವಾರ ಹಿಡಿದರೂ ನಿರಾಶರಾಗಬೇಕಾಗಿಲ್ಲ.

ನೀರಿನ ಲೆಕ್ಕ

ಕಡು ಬೇಸಿಗೆಯಲ್ಲಿ ಮಡಿಯಿಂದ ದಿನಕ್ಕೆ ಸುಮಾರು 6-7 ಮಿಲಿಮೀಟರು ನೀರು ಆರಿಹೋಗುತ್ತದೆ. ಚದರ ಮೀಟರಿಗೆ ಒಂದು ಮಿಲಿಮೀಟರು ಎಂದರೆ ಒಂದು ಲೀಟರು. 3 ಚದರ ಮೀಟರಿನ ಮಡಿಗೆ 18-21 ಲೀಟರು, ಅಂದರೆ ಹೆಚ್ಚೆಂದರೆ ಎರಡು ಕೊಡ ಸಾಕು. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರನ್ನು ಬಳಸಬಹುದು. ಸೋಡಾಪುಡಿ, ಸಾಬೂನು ಬೆರೆತ ನೀರು ಬೇಡ.

ವಯಸ್ಕರೊಬ್ಬರಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಬೇಕೆಂಬುದು ಆಹಾರ ತಜ್ಞರ ಸಲಹೆ. ಅರ್ಕಾ ಸುಗುಣ 90 ದಿನಗಳಲ್ಲಿ ಹೆಕ್ಟೇರಿಗೆ 25-30 ಟನ್ ಕೊಡುವ ತಳಿ. ಆ ಲೆಕ್ಕದಲ್ಲಿ ನಮ್ಮ ಒಂದು ಮಡಿಯಿಂದ 7.5-9 ಕಿಲೋ ದೊರೆಯಬೇಕು. ಐದು ಜನರ ಮನೆಗೆ ದಿನ ಬಿಟ್ಟು ದಿನ ಅರ್ಧ ಕಿಲೋ ಸೊಪ್ಪು ಬೇಕಾದರೆ ಮೂರು ಮಡಿಗಳು ಬೇಕು, ಇವುಗಳಿಗೆ ದಿನಕ್ಕೆ ಐದು ಕೊಡ ನೀರೂ ಬೇಕು. ನಳದ ನೀರಿಗೆ ಕಾಯುವ ಮನೆಯವರು ಕಡು ಬೇಸಿಗೆಯಲ್ಲಿ ಒಂದೇ ಮಡಿ ಇಟ್ಟುಕೊಂಡು, ಅಡ್ಡಮಳೆ ಬಿದ್ದ ಮೇಲೆ ಉಳಿದೆರಡನ್ನು ಹತ್ತು ದಿನಗಳ ಅಂತರದಲ್ಲಿ ಬಿತ್ತುವುದು ಜಾಣತನ. ಮೂರು ಮಡಿ ಹಾಕಿ ಮೂರನ್ನೂ ಒಣಗಿಸುವುದರಿಂದ ಲಾಭವಿಲ್ಲ.

ಕೊಯ್ಲು ಮತ್ತು ರಕ್ಷಣೆ

ಬಿತ್ತಿದ 25-30 ದಿನಗಳಿಗೆ ನೆಲದಿಂದ ನಾಲ್ಕು ಬೆರಳು ಬಿಟ್ಟು ಮುಂಜಾನೆ ಕತ್ತರಿಸಬೇಕು. ಮುಂದೆ ಸುಮಾರು ಹತ್ತು ದಿನಕ್ಕೊಮ್ಮೆ ಕೊಯ್ಲಿಗೆ ಬರುತ್ತದೆ. ಎಲೆ ಸುತ್ತುವ ಹುಳು ಕಂಡರೆ ಆ ಎಲೆಗಳನ್ನು ಕಿತ್ತು ನಾಶಪಡಿಸಬೇಕು. ಹೆಚ್ಚಾದರೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ ಸಂಜೆ ಸಿಂಪಡಿಸಬೇಕು. ಹತ್ತಿಗೆ, ಮೆಣಸಿನಕಾಯಿಗೆ ತಂದ ಔಷಧವನ್ನು ಸೊಪ್ಪಿಗೆ ಎಂದಿಗೂ ಹೊಡೆಯಬಾರದು. ಎಲೆಯ ಕೆಳಗೆ ಬಿಳಿ ಗುಳ್ಳೆ ಕಂಡರೆ ಅದು ಬಿಳಿ ತುಕ್ಕು ರೋಗ. ಅಂಥ ಎಲೆಗಳನ್ನು ತೆಗೆದುಹಾಕಿ, ನೀರನ್ನು ಎಲೆಗೆ ತಾಗದಂತೆ ಬುಡಕ್ಕೆ ಕೊಡಬೇಕು.

ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರಲ್ಲಿನ ಕಬ್ಬಿಣ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

ಬೀಜ ಉಳಿಸಿಕೊಳ್ಳುವುದು

ಪ್ರತಿ ವರ್ಷ ಬೀಜ ಕೊಳ್ಳಬೇಕಾಗಿಲ್ಲ. ತಡವಾಗಿ ಹೂ ಬಿಡುವ, ಎಲೆ ಅಗಲವಾದ ನಾಲ್ಕೈದು ರಾಜಗಿರಿ ಗಿಡಗಳನ್ನು ಕತ್ತರಿಸದೆ ಬಿಡಬೇಕು. ಕಾಡು ಹರಿವೆಯೊಡನೆ ಬೆರಕೆಯಾಗದಂತೆ ಅದನ್ನು ಹೂವಿಗೆ ಮೊದಲೇ ಕೀಳಬೇಕು. ಪುಂಡಿ ಬೀಜಕ್ಕೆ ಬರುವುದು ಮಳೆಗಾಲ ಮುಗಿದ ಮೇಲೆ. ಆದ್ದರಿಂದ ಮೂಲೆಯಲ್ಲಿ ಎರಡು ಗಿಡ ಕಾಯ್ದಿರಿಸಬೇಕು. ಬೀಜ ಕೊಟ್ಟ ಮೇಲೆ ಅವುಗಳ ನಾರು ಹಗ್ಗಕ್ಕೂ ಬರುತ್ತದೆ. ನೆರಳಲ್ಲಿ ಒಣಗಿಸಿದ ಬೀಜವನ್ನು ತೇವ ತಾಗದ ಡಬ್ಬಿಯಲ್ಲಿ, ಬಿತ್ತಿದ ತಿಂಗಳನ್ನು ಬರೆದ ಚೀಟಿಯೊಡನೆ ಇಡಬೇಕು. ಮೊದಲ ಸಲದ ಬೀಜ ಮತ್ತು ಹೆಚ್ಚಿನ ಸಲಹೆಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನು ವಿಚಾರಿಸಬಹುದು.