ನಿಮಗಿದು ಗೊತ್ತೆ? – ಸೀಳುಮರದ ಇಗರ್ಜಿ
ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಗ್ರೀನ್‌ಸ್ಟೆಡ್ ಎಂಬ ಗ್ರಾಮದ ಪುರಾತನ ಇಗರ್ಜಿಯಲ್ಲಿ, ಭಕ್ತರು ಕುಳಿತುಕೊಳ್ಳುವ ಸಭಾಮಂಟಪದ ಭಿತ್ತಿಗಳು ಕಲ್ಲಿನವಲ್ಲ. ಓಕ್ ಮರದ ದಿಮ್ಮಿಗಳನ್ನು ಉದ್ದುದ್ದಕ್ಕೆ ಸೀಳಿ, ಚಪ್ಪಟೆಯ ಮೈ ಒಳಗೂ ಉಬ್ಬಿದ ಬೆನ್ನು ಹೊರಗೂ ಇರುವಂತೆ ಒತ್ತಾಗಿ ನಿಲ್ಲಿಸಿ, ಅಂಚುಗಳಲ್ಲಿ ಕೊರೆದ ಸಂದುಗಳೊಳಗೆ ತೆಳುವಾದ ಮರದ ಪಟ್ಟಿಗಳನ್ನು ಸೇರಿಸಿ, ಗಾಳಿಮಳೆಗಳು ನುಸುಳದಂತೆ ಬೆಸೆಯಲಾಗಿದೆ. ಆ ಅನಾಮಧೇಯ ಬಡಗಿಗಳ ಕೈಚಳಕಕ್ಕೆ ತಲೆಬಾಗದಿರುವುದೆಂತು! ಮರದ ಬೆಳವಣಿಗೆಯ ಉಂಗುರಗಳನ್ನು ಪರಿಶೀಲಿಸಿದ ತಜ್ಞರು ಈ ದಿಮ್ಮಿಗಳು 1063ರಿಂದ ಮುಂದಿನ ಸುಮಾರು ಅರ್ಧ ಶತಮಾನದೊಳಗಿನವೆಂದು ನಿರ್ಣಯಿಸಿರುವರು. 19ನೆಯ ಶತಮಾನದ ಮಧ್ಯಭಾಗದ ಜೀರ್ಣೋದ್ಧಾರ ಕಾಲದಲ್ಲಿ, ದಿಮ್ಮಿಗಳ ಕೊಳೆತ ಬುಡವನ್ನಷ್ಟೇ ಕತ್ತರಿಸಿ, ಮಿಕ್ಕುದನ್ನು ಇಟ್ಟಿಗೆಯ ಜಗತಿಯ ಮೇಲೆ ಪುನಃ ನಿಲ್ಲಿಸಲಾಯಿತು. ಪೂರ್ವ ದಿಕ್ಕಿನ ಗರ್ಭಾಂಕಣವು ಮಾತ್ರ ಟ್ಯೂಡರ್ ಕಾಲದ ಇಟ್ಟಿಗೆಯ ಕಟ್ಟಡ.