ಬಲಿತ ಬೆಂಡೆ ಎಸೀಬೇಡಿ

ಡೊಂಬಿವಲಿ ಸ್ಟೇಷನ್ ಹೊರಗೆ ಭೇಂಡಿ ಕೊಳ್ಳುವಾಗ ನಾವೆಲ್ಲ ತುದಿ ಮುರಿದು ನೋಡ್ತೀವಿ. ಪಟ್ ಅಂದ್ರೆ ಎಳೇದು. ಅಂಥ 100 ಗ್ರಾಂ ಹಸಿಬೆಂಡೆಯಲ್ಲಿ ಸುಮಾರು 33 ಕ್ಯಾಲರಿ, 3 ಗ್ರಾಂ ನಾರು, 23 ಮಿಲಿಗ್ರಾಂ ವಿಟಮಿನ್ ಸಿ, 60 ಮೈಕ್ರೋಗ್ರಾಂ ಫೋಲೇಟ್. ವಿಟಮಿನ್ ಕೆ ಕೂಡ ಇದೆ. ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಾರ್ಫರಿನ್ ಮಾತ್ರೆಯ ಕೆಲಸಕ್ಕೆ ಅದು ಅಡ್ಡಿ ಮಾಡಬಹುದು, ಹಾಗಾಗಿ ಆ ಮಾತ್ರೆ ತಗೊಳ್ಳೋರು ದಿಢೀರನೆ ಜಾಸ್ತಿ ತಿನ್ನೋ ಮುಂಚೆ ಡಾಕ್ಟರನ್ನು ಕೇಳಿ.

ಆ ಲೋಳೆ? ಅದು ಕರಗುವ ನಾರು. ಊಟದ ಸಕ್ಕರೆ ರಕ್ತ ಸೇರೋದನ್ನು ನಿಧಾನ ಮಾಡುತ್ತೆ. ಹಾಗಂತ ಬೆಂಡೆ ನೆನೆಸಿದ ನೀರು ಕುಡಿದ್ರೆ ಡಯಾಬಿಟಿಸ್ ಮಾಯ ಅನ್ನೋ ವಾಟ್ಸಾಪ್ ಮಾತು ನಂಬಬೇಡಿ. ಲೋಳೆ ಬೇಡವಾದ್ರೆ ಹುಣಸೆಹುಳಿ ಹಾಕಿ. ಉಡುಪಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾ!

ಈಗ ಬೀಜ. ಒಣಗಿದ ಬೆಂಡೆಬೀಜದಲ್ಲಿ ಸುಮಾರು ಐದನೇ ಒಂದು ಭಾಗ ಪ್ರೋಟೀನ್. ಎಣ್ಣೆಯೂ ಸಾಕಷ್ಟು, ಅದರಲ್ಲಿ ಲಿನೋಲಿಕ್ ಆಮ್ಲ ಹೆಚ್ಚು. 1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲಿ ಕಾಫಿ ಸಿಗದೆ ದಕ್ಷಿಣದ ರಾಜ್ಯಗಳವರು ಇದೇ ಬೀಜ ಹುರಿದು, ಪುಡಿ ಮಾಡಿ, ಕಾಫಿ ಅಂತ ಕುಡಿದ್ರು. ಚಿಕ್ಕಮಗಳೂರಿನವರು ಕ್ಷಮಿಸಬೇಕು!

ಕಾಯಿ ಬಲಿತಿದ್ರೆ ಸಿಪ್ಪೆ ಬಿಟ್ಟು ಬೀಜ ಬಿಡಿಸಿ ಸಾರಿಗೆ ಹಾಕಿ. ಬಿತ್ತನೆ ಬೀಜದ ಪ್ಯಾಕೆಟ್ ಮಾತ್ರ ಹುರಿಯಬೇಡಿ. ಅದಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಸವರಿರ್ತಾರೆ.