ಮುಳುಗಿದ ಹಡಗು, ಮುರು ಮೀನು ಮತ್ತು ನಮ್ಮ ಅಡುಗೆಮನೆ

ಕಡೂರು ತಾಲೂಕಿನ ನಮ್ಮ ಸಿಂಗಟಗೆರೆಯಲ್ಲಿ ಮೀನೆಂದರೆ ಕೆರೆಯ ಮೀನು. ಕಡಲ ಮೀನು ಮಂಜುಗಡ್ಡೆಯಲ್ಲಿ ಘಟ್ಟ ಹತ್ತಿ ಬರಬೇಕು. ಅದನ್ನು ಹಿಡಿದವರ ದಿನ ಹೇಗಿರುತ್ತದೆಂದು ನಾವು ಯೋಚಿಸಿದ್ದೇವೆಯೇ?

2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಸರಕು ಹಡಗಿಗೆ ನೀರು ನುಗ್ಗಿ ಅದು ತಳ ಹಿಡಿಯಿತು. ಸಿರಿಯಾದ 15 ಮಂದಿ ನಾವಿಕರನ್ನು ತಟರಕ್ಷಣಾ ಪಡೆ ಪಾರುಮಾಡಿತು, ಅಲ್‌ಹಮ್ದುಲಿಲ್ಲಾಹ್. ಮುಳುಗಿದ ಹಡಗು ಮನುಷ್ಯನಿಗೆ ನಷ್ಟವೇ. ಆದರೆ ವರ್ಷಗಳು ಕಳೆದಂತೆ ಅಂತಹ ಕಬ್ಬಿಣಕ್ಕೆ ಚಿಪ್ಪುಜೀವಿಗಳು ಅಂಟುತ್ತವೆ. ಸಣ್ಣ ಮೀನುಗಳು ಬರುತ್ತವೆ. ಅವುಗಳನ್ನು ತಿನ್ನಲು ಮುರು ಮೀನು ಬಂದು ನೆಲೆಸುತ್ತದೆ. ಬಲೆ ಹರಿದೀತೆಂದು ಟ್ರಾಲ್ ಬೋಟಿನವರು ಅತ್ತ ಹೋಗಲು ಹೆದರುತ್ತಾರೆ. ಅಲ್ಲಿ ಸಣ್ಣ ದೋಣಿಯ ಗಾಳದವರಿಗೇ ಕೆಲಸ.

ಫಜ್ರ್ ನಮಾಝ್ ಮುಗಿಸಿ ಹೊರಟವರು ಲಂಗರು ಹಾಕಿ, ಗಾಳಕ್ಕೆ ಬೂತಾಯಿ ಚುಚ್ಚಿ, ಸೀಸದ ಗುಂಡು ಕಟ್ಟಿದ ದಾರವನ್ನು ತಳಕ್ಕೆ ಬಿಡುತ್ತಾರೆ. ಮುರು ಕಚ್ಚಿದೊಡನೆ ಎಳೆಯಬೇಕು. ತಡವಾದರೆ ಅದು ಸಂದಿಗೆ ನುಗ್ಗುತ್ತದೆ, ತುಕ್ಕು ಹಿಡಿದ ಕಬ್ಬಿಣಕ್ಕೆ ತಾಗಿ ದಾರ ತುಂಡಾಗುತ್ತದೆ. ದೋಣಿ ಓಲಾಡಿ ನಿಲ್ಲಲಾಗದಿದ್ದರೆ ಝುಹ್ರ್ ನಮಾಝನ್ನು ಕುಳಿತೇ ಮಾಡಬಹುದು. ಕೆಲವು ದಿನ ಇಂಧನದ ಹಣವೂ ಹುಟ್ಟುವುದಿಲ್ಲ.

ಮುರು ಮೊದಲು ಹೆಣ್ಣಾಗಿ ಬೆಳೆಯುತ್ತದೆ, ದೊಡ್ಡದಾದ ಮೇಲೆ ಕೆಲವು ಗಂಡಾಗಿ ಬದಲಾಗುತ್ತವೆ. ಮೊಟ್ಟೆಯಿಡುವ ಮುನ್ನವೇ ಮರಿಗಳನ್ನು ಹಿಡಿದರೆ ಸಂತತಿ ಉಳಿಯುವುದಾದರೂ ಹೇಗೆ?

ಸಮುದ್ರದ ಬೇಟೆ ಹಲಾಲ್ ಎಂಬುದನ್ನು ಪವಿತ್ರ ಕುರ್‌ಆನ್ (5:96) ಸ್ಪಷ್ಟಪಡಿಸಿದೆ. ಆದರೆ ಹಲಾಲ್ ಆದುದರಲ್ಲೂ ಮಿತಿ ಮೀರಬಾರದು. ಸಹೋದರಿಯರೇ, ಅಗ್ಗವೆಂದು ಅಂಗೈಯಷ್ಟರ ಮುರು ಮರಿಗಳನ್ನು ಕೊಳ್ಳದಿರೋಣ. ಕೊಳ್ಳುವವರಿಲ್ಲದಿದ್ದರೆ ಹಿಡಿಯುವವರೂ ಕಡಿಮೆಯಾಗುತ್ತಾರೆ. ಕಡಲೂ ನಮ್ಮ ಕೈಗಿತ್ತ ಅಮಾನತ್ತು.